ನಾಯಿ ಹಿಡಿಯೋದೇ ಇಲ್ಲಿ ದೊಡ್ಡ ಕೆಲಸ

ಓದುಗರ ಪ್ರಶ್ನೆ: ಮೇಡಂ, ನನಗೆ 22 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಮಾಡಿದ್ದೇನೆ. ಹಸು, ಎಮ್ಮೆ, ಕುರಿ ಅಂದರೆ ಭಯ ಇಲ್ಲ. ಈಗ ಬೆಂಗಳೂರಿನ ಒಂದು 24 ಗಂಟೆಯ ಪ್ರಾಣಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ರಾತ್ರಿ 8ರಿಂದ ಬೆಳಗ್ಗೆ 8ರ ಪಾಳಿ. ನಾಯಿ, ಬೆಕ್ಕುಗಳೇ ಜಾಸ್ತಿ. ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಅಮ್ಮ ಅಳುತ್ತಿದ್ದಾರೆ. ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ ಇರಬೇಕು. ಅವಳು ನಾಲ್ಕು ತಿಂಗಳ ಬಸುರಿ. ಮನೆಯಲ್ಲಿ ಎರಡೂವರೆ ತಿಂಗಳ ನಾಯಿಮರಿಯೂ ಇದೆ. ಆಸ್ಪತ್ರೆಯ ರೋಗ ನನ್ನಿಂದ ಮನೆಗೆ ಬಂದರೆ? ಅಲ್ಲಿ ಪ್ರಾಣಿಗಳನ್ನು 'ಮಲಗಿಸುತ್ತಾರಂತೆ', ಅದನ್ನು ನೋಡಿ ತಡೆದುಕೊಳ್ಳುತ್ತೇನಾ ಗೊತ್ತಿಲ್ಲ. ಇಂಜೆಕ್ಷನ್ ಕೊಡು ಅಂದರೆ ನಾನು ಕೊಡಬಹುದಾ? ಅಪ್ಪನದು ಒಂದೇ ಮಾತು: 'ನಾಯಿ ಹಿಡಿಯೋ ಕೆಲಸಕ್ಕೆ ಇಷ್ಟೆಲ್ಲ ಓದಬೇಕಿತ್ತಾ?' ಸೇರಲಾ, ಬೇಡವಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸೇರಿ. ಆದರೆ ನಾಳೆಯೇ ಬೇಡ, ಒಂದು ತಿಂಗಳು ಬಿಟ್ಟು ಸೇರಿ. ಆ ತಿಂಗಳಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳಿವೆ.

ನಾನು 17 ವರ್ಷದಿಂದ ನಾಯಿ-ಬೆಕ್ಕುಗಳ ಡಾಕ್ಟರ್. ಅದರಲ್ಲಿ 11 ವರ್ಷ ಕಳೆದದ್ದು ರಾತ್ರಿ ಪಾಳಿಯ ತುರ್ತು ವಿಭಾಗದಲ್ಲಿ. ನನ್ನ ಪಕ್ಕ ನಿಂತ ಅಸಿಸ್ಟೆಂಟ್‌ಗಳಲ್ಲಿ ಯಾರು ಉಳಿದರು, ಯಾರು ಬಿಟ್ಟು ಹೋದರು, ಯಾಕೆ ಹೋದರು ಅಂತ ಹತ್ತಿರದಿಂದ ನೋಡಿದ್ದೇನೆ. ನೀವು ಬರೆದಿರುವ ಭಯಗಳಲ್ಲಿ ಹೆಚ್ಚಿನವಕ್ಕೆ ದಾರಿ ಇದೆ. ನಿಜವಾಗಿ ಯೋಚಿಸಬೇಕಾದ ಒಂದೆರಡು ವಿಷಯ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಅದನ್ನೂ ಹೇಳುತ್ತೇನೆ.

ಅಪ್ಪನ ಮಾತಿನಿಂದ ಶುರು ಮಾಡೋಣ. ಅವರು ಹೇಳಿದ್ದು ನಿಜ. ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಡಿಯುವುದೇ. ಆದರೆ ಹಿಡಿಯುವುದು ಸಣ್ಣ ಕೆಲಸ ಅಂತ ಅವರು ಅಂದುಕೊಂಡಿದ್ದಾರೆ, ಅಲ್ಲಿ ಮಾತ್ರ ನನ್ನ ತಕರಾರು.

ರಾತ್ರಿ ಎರಡು ಗಂಟೆಗೆ ಒಂದು ಗಂಡು ಬೆಕ್ಕು ಬರುತ್ತದೆ ಅಂದುಕೊಳ್ಳಿ. ಎರಡು ದಿನದಿಂದ ತಿಣುಕುತ್ತಿದೆ, ಮಲಬದ್ಧತೆ ಇರಬೇಕು ಅಂತ ಮನೆಯವರು ಹೇಳುತ್ತಾರೆ. ಹೊಟ್ಟೆ ಮುಟ್ಟಿದರೆ ಮೂತ್ರದ ಚೀಲ ನಿಂಬೆಹಣ್ಣಿನಷ್ಟು ಗಟ್ಟಿ. ಮೂತ್ರನಾಳ ಕಟ್ಟಿಕೊಂಡಿದೆ. ಉಚ್ಚೆ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಶಿಯಂ ಏರಿರುತ್ತದೆ, ಅದರಿಂದ ಹೃದಯದ ಬಡಿತ ನಿಧಾನ ಆಗಿರುತ್ತದೆ. ಈಗ ಮುಂಗಾಲಿನ ನರಕ್ಕೆ, ಅಂದರೆ ರಕ್ತನಾಳಕ್ಕೆ, ಔಷಧಿ ಹೋಗುವ ಸಣ್ಣ ಕೊಳವೆ ಕ್ಯಾನುಲಾ ಹಾಕಬೇಕು. ಅದನ್ನು ಹಾಕುವವಳು ನಾನು. ಆದರೆ ಅದು ಒಳಗೆ ಹೋಗುತ್ತೋ ಇಲ್ಲವೋ ಅನ್ನೋದು ಬೆಕ್ಕನ್ನು ಹಿಡಿದವರ ಕೈಯಲ್ಲಿದೆ. ಗಟ್ಟಿಯಾಗಿ ಅದುಮಿದರೆ ಬೆಕ್ಕು ಕೊಸರಾಡುತ್ತದೆ. ಕೊಸರಾಡಿದರೆ ಮೊದಲೇ ಸೋತ ಹೃದಯ ನಿಂತುಬಿಡಬಹುದು. ಟವೆಲ್ ಸುತ್ತಿ, ಮೊಣಕೈ ಹಿಂದೆ ಒಂದು ಬೆರಳು ಇಟ್ಟು ಕಾಲನ್ನು ಮುಂದಕ್ಕೆ ತಂದು, ಹೆಬ್ಬೆರಳಿನಿಂದ ನರ ಉಬ್ಬಿಸಿ, ಮಾತಾಡದೆ ನಿಲ್ಲುವ ಒಬ್ಬರು ಪಕ್ಕದಲ್ಲಿದ್ದರೆ ಅರ್ಧ ನಿಮಿಷದ ಕೆಲಸ.

ಉಸಿರಾಟ ಕಷ್ಟವಾಗಿರುವ ನಾಯಿ ಇನ್ನೂ ಸೂಕ್ಷ್ಮ. ಅದು ಕತ್ತು ಮುಂದೆ ಚಾಚಿ, ಮೊಣಕೈ ಅಗಲಿಸಿ ಕೂತಿರುತ್ತದೆ. ಎಕ್ಸ್-ರೇಗೆ ಅಂತ ಅದನ್ನು ಬಲವಂತವಾಗಿ ಮಗ್ಗುಲು ಮಲಗಿಸಿದರೆ ಮೇಜಿನ ಮೇಲೆಯೇ ಹೋಗಬಹುದು. ಅಲ್ಲಿ ಒಳ್ಳೆಯ ಅಸಿಸ್ಟೆಂಟ್ ಮಾಡುವ ಕೆಲಸ ಹಿಡಿಯದೇ ಇರುವುದು. ಆಮ್ಲಜನಕದ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು, 'ಮೇಡಂ, ಐದು ನಿಮಿಷ ಬಿಡಿ' ಅಂತ ನನಗೇ ಹೇಳುವುದು. ಹಾಗೆ ಹೇಳಿಸಿಕೊಂಡಿದ್ದೇನೆ. ಅವರು ಹೇಳಿದ್ದೇ ಸರಿ ಆಗಿತ್ತು.

ನೀವು ಹಸುಗಳ ಜೊತೆ ಬೆಳೆದವರು. ಅದು ಲಾಭ, ಸ್ವಲ್ಪ ಅಪಾಯ ಕೂಡ. ಹಸುವಿಗೆ ಮೂಗು ಹಿಡಿದು, ಹಗ್ಗ ಹಾಕಿ, ಕಂಬಕ್ಕೆ ಕಟ್ಟಿ ಅಭ್ಯಾಸ. ಬೆಕ್ಕಿನ ಮುಂದೆ ಆ ಲೆಕ್ಕ ನಡೆಯುವುದಿಲ್ಲ. ಎಷ್ಟು ಬಲ ಹಾಕುತ್ತೀರೋ ಅದರ ಎರಡರಷ್ಟು ಅದು ತಿರುಗಿ ಹಾಕುತ್ತದೆ. ನಾಯಿಯ ಭಾಷೆ ಬೇರೆ ಕಲಿಯಬೇಕು. ಕಣ್ಣಿನ ಬಿಳಿ ಕಾಣುತ್ತಿದೆಯಾ, ಹಸಿವಿಲ್ಲದೆ ತುಟಿ ನೆಕ್ಕುತ್ತಿದೆಯಾ, ಬಾಲ ಆಡಿಸುತ್ತಿದ್ದರೂ ಮೈ ಬಿಗಿಯಾಗಿದೆಯಾ ಅಂತ ನೋಡಬೇಕು. ಬಾಲ ಆಡಿಸಿದರೆ ಖುಷಿ ಅನ್ನೋದು ತಪ್ಪು ತಿಳಿವಳಿಕೆ. ಎತ್ತಿಗೆ ಬಾಯಿಕುಕ್ಕೆ ಹಾಕುವ ಹಾಗೆ ನಾಯಿಗೂ ಹಾಕುತ್ತೇವೆ. ಆದರೆ ವಾಂತಿ ಮಾಡುತ್ತಿರುವ ನಾಯಿಗೆ, ಉಸಿರು ಕಟ್ಟಿದ ನಾಯಿಗೆ ಹಾಕಬಾರದು. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಅದು ಸರಿಯಾಗಿ ಕೂರುವುದೂ ಇಲ್ಲ.

ಇನ್ನು ಕಚ್ಚುವ ವಿಷಯ. ಕಚ್ಚುತ್ತದೆ. ಯಾವತ್ತೂ ಕಚ್ಚಿಸಿಕೊಳ್ಳದ ಅಸಿಸ್ಟೆಂಟ್ ನನಗೆ ಗೊತ್ತಿಲ್ಲ. ಅಮ್ಮನಿಗೆ ಸುಳ್ಳು ಧೈರ್ಯ ಹೇಳಬೇಡಿ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನೋದು ಮಾತ್ರ ಹಳೇ ಕಾಲದ ಮಾತು. ಆಗ ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆ ಇತ್ತು. ಅದನ್ನು ಹೊಟ್ಟೆಗೆ ಚುಚ್ಚುತ್ತಿದ್ದರು, ನೋವೂ ಜಾಸ್ತಿ, ಅಡ್ಡಪರಿಣಾಮವೂ ಜಾಸ್ತಿ. ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಿಯಾಗಿದೆ. ಈಗಿನದು ತೋಳಿಗೆ ಕೊಡುವ ಲಸಿಕೆ. ಮೊದಲು ಲಸಿಕೆ ಪಡೆಯದವರಿಗೆ ಕಚ್ಚಿದ ದಿನ, ಆಮೇಲೆ 3, 7, 14 ಮತ್ತು 28ನೇ ದಿನ. ಬಹಳಷ್ಟು ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಸ್ವಲ್ಪವೇ ಕೊಡುವ ಕ್ರಮ ಇದೆ, ಅದಕ್ಕೆ ನಾಲ್ಕು ಸಲ ಹೋದರೆ ಸಾಕು. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದೊಳಗೇ ಸೀರಂ, ಅಂದರೆ ವೈರಸ್ ವಿರುದ್ಧ ಕೂಡಲೇ ಕೆಲಸ ಮಾಡುವ ಸಿದ್ಧ ಪ್ರತಿಕಾಯ ಕೂಡ ಹಾಕಬೇಕು.

ಆದರೆ ನಿಮ್ಮಂಥವರು ಕಚ್ಚಿದ ಮೇಲೆ ಓಡುವವರ ಸಾಲಿನಲ್ಲಿ ಇರಬಾರದು. ಪ್ರಾಣಿಗಳ ಜೊತೆ ಕೆಲಸ ಮಾಡುವವರಿಗೆ ಮುಂಚೆಯೇ ಲಸಿಕೆ ಇದೆ. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ, ಮೂರು ಡೋಸ್. ಇದನ್ನು ಮುಗಿಸಿಕೊಂಡವರಿಗೆ ಮುಂದೆ ಕಚ್ಚಿದರೂ ಸೀರಂ ಬೇಕಾಗುವುದಿಲ್ಲ. ಆ ದಿನ ಒಂದು, ಮೂರನೇ ದಿನ ಒಂದು, ಎರಡೇ ಡೋಸ್. ನಾನು ಒಂದು ತಿಂಗಳು ಬಿಟ್ಟು ಸೇರಿ ಅಂದದ್ದಕ್ಕೆ ಮೊದಲ ಕಾರಣ ಇದು. ಡಿಪ್ಲೊಮಾ ಓದುವಾಗಲೇ ಹಾಕಿಸಿದ್ದರೆ ಆ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ಟಿಟಿ (ಧನುರ್ವಾಯು ಲಸಿಕೆ) ಯಾವಾಗ ಆಗಿತ್ತು ಅಂತಲೂ ನೋಡಿ.

ಲಸಿಕೆ ಆಗಿದ್ದರೂ, ಆಗದಿದ್ದರೂ, ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು 15 ನಿಮಿಷ. ಬಹಳ ಜನ ಎರಡು ನಿಮಿಷಕ್ಕೆ ನಿಲ್ಲಿಸುತ್ತಾರೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಬೇಡ. ಮನೆಯಲ್ಲಿ ಸಾಕಿ ಲಸಿಕೆ ಹಾಕಿಸಿದ ನಾಯಿ, ಬೆಕ್ಕು ಆಗಿದ್ದರೂ 10 ದಿನ ಅದರ ಮೇಲೆ ಕಣ್ಣಿಡಬೇಕು. ಅಲ್ಲಿಯವರೆಗೆ ಕಾಯೋಣ ಅಂತ ನಿಮ್ಮ ಇಂಜೆಕ್ಷನ್ ಮುಂದಕ್ಕೆ ಹಾಕಬಾರದು. ಬೆಕ್ಕು ಕಚ್ಚಿದ್ದು ಸಣ್ಣ ತೂತಿನ ಹಾಗೆ ಕಾಣುತ್ತದೆ. ಆದರೆ ಅದರ ಹಲ್ಲು ಸೂಜಿಯಂತೆ ಆಳಕ್ಕೆ ಹೋಗಿರುತ್ತದೆ. ಮರುದಿನಕ್ಕೆ ಬೆರಳು ಊದಿ ಕೆಂಪಾಗುವುದು ಸಾಮಾನ್ಯ. ಕೈಬೆರಳಿನ ಗಂಟಿನ ಹತ್ತಿರ ಬೆಕ್ಕು ಕಚ್ಚಿದರೆ ಅದೇ ದಿನ ಮನುಷ್ಯರ ಡಾಕ್ಟರ್ ಹತ್ತಿರ ಹೋಗಿ.

ಇಲ್ಲಿ ಒಂದು ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ. 'ಗಂಟಲಲ್ಲಿ ಮೂಳೆ ಸಿಕ್ಕಿದೆ, ಬಾಯಿ ಮುಚ್ಚುತ್ತಿಲ್ಲ, ಜೊಲ್ಲು ಸುರಿಸುತ್ತಿದೆ' ಅಂತ ನಾಯಿಯನ್ನು ಎತ್ತಿಕೊಂಡು ಬರುತ್ತಾರೆ. ಕೆಲವು ಸಲ ನಿಜವಾಗಿಯೂ ಮೂಳೆ ಇರುತ್ತದೆ. ಕೆಲವು ಸಲ ಅದು ರೇಬಿಸ್. ಹುಚ್ಚುನಾಯಿ ಅಂದರೆ ಅಟ್ಟಿಸಿಕೊಂಡು ಬಂದು ಕಚ್ಚುವ ನಾಯಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಸುಮ್ನೆ ಮೂಲೆಯಲ್ಲಿ ಕೂತು, ದವಡೆ ಜೋತುಬಿದ್ದು, ನುಂಗಲಾಗದೆ ಇರುವ ರೇಬಿಸ್ ಕೂಡ ಇದೆ. ಹಸುಗಳಲ್ಲೂ ಹೀಗೇ. ಗಂಟಲಿಗೆ ಏನೋ ಸಿಕ್ಕಿದೆ ಅಂತ ಕೈ ಹಾಕಿ ನೋಡಿದವರು ಆಮೇಲೆ ಗಾಬರಿಯಾಗಿದ್ದನ್ನು ನೀವೂ ಹಳ್ಳಿಯಲ್ಲಿ ಕೇಳಿರಬಹುದು. ಅಂಥ ನಾಯಿ ಬಂದರೆ ಬಾಯಿಗೆ ಕೈ ಹಾಕಬೇಡಿ, ಟಾರ್ಚ್ ಕೂಡ ಹತ್ತಿರ ಹಿಡಿಯಬೇಡಿ. ಅದನ್ನು ಬೇರೆ ಕೋಣೆಗೆ ಬಿಟ್ಟು ಡಾಕ್ಟರನ್ನು ಕರೆಯಿರಿ. ಮನೆಯಲ್ಲಿ ಯಾರು ಯಾರು ಅದನ್ನು ಮುಟ್ಟಿದ್ದಾರೆ ಅಂತ ಬರೆದುಕೊಳ್ಳಿ. ನಾಯಿ ಸತ್ತರೆ ರೇಬಿಸ್ ಹೌದೋ ಅಲ್ಲವೋ ಪರೀಕ್ಷಿಸುವ ಪ್ರಯೋಗಾಲಯ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇದೆ. ರೇಬಿಸ್‌ನ ಲಕ್ಷಣ ಶುರುವಾದ ಮೇಲೆ ಮನುಷ್ಯರನ್ನು ಉಳಿಸುವ ಔಷಧಿ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ಮನೆಗೆ ರೋಗ ತರುವ ಪ್ರಶ್ನೆಯಲ್ಲಿ ಅಕ್ಕನಿಗಿಂತ ನಾಯಿಮರಿಯದೇ ನನಗೆ ಜಾಸ್ತಿ ಚಿಂತೆ. ಆಸ್ಪತ್ರೆಯಲ್ಲಿ ನೀವು ದಿನವೂ ನೋಡುವ ರೋಗ ಪಾರ್ವೊ. ವಾಂತಿ, ರಕ್ತಭೇದಿ, ಒಂದು ಥರದ ಕೆಟ್ಟ ವಾಸನೆ. ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ಈ ವೈರಸ್ ಪ್ರಪಂಚದ ನಾಯಿಗಳಿಗೆಲ್ಲ ಹಬ್ಬಿತು. ಮನುಷ್ಯರಿಗೆ ಇದು ಬರುವುದಿಲ್ಲ, ಅಕ್ಕನಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಚಪ್ಪಲಿ, ಬಟ್ಟೆ, ಕೈ ಮೂಲಕ ಮನೆಯವರೆಗೆ ಬರುತ್ತದೆ. ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅದು ಸಾಯುವುದಿಲ್ಲ. ಬಹಳ ಜನ ಇಲ್ಲೇ ಮೋಸ ಹೋಗುವುದು. ಸೋಪು ನೀರಲ್ಲಿ ಕೈ ತೊಳೆಯಬೇಕು. ನೆಲದ ಗಲೀಜನ್ನು ಮೊದಲು ತೆಗೆದು, ಆಮೇಲೆ ಬ್ಲೀಚ್ ಬೆರೆಸಿದ ನೀರು ಹಾಕಿ 10 ನಿಮಿಷ ಬಿಡಬೇಕು. ಗಲೀಜಿನ ಮೇಲೆಯೇ ಬ್ಲೀಚ್ ಸುರಿದರೆ ಅದು ಕೆಲಸ ಮಾಡುವುದಿಲ್ಲ.

ಆಸ್ಪತ್ರೆಗೆ ಒಂದು ಜೊತೆ ಚಪ್ಪಲಿ ಅಂತಲೇ ಇಡಿ, ಅದು ಮನೆಗೆ ಬರಬಾರದು. ಬಟ್ಟೆ ಅಲ್ಲೇ ಬದಲಿಸಿ, ಕವರಿಗೆ ಹಾಕಿ ತನ್ನಿ, ಬೇರೆಯಾಗಿ ಒಗೆಯಿರಿ. ಮನೆಗೆ ಬಂದ ಕೂಡಲೇ ಸ್ನಾನ. ಮರಿ ಓಡಿ ಬಂದು ಕಾಲು ನೆಕ್ಕುವ ಮುಂಚೆ. ಎಲ್ಲ ಪಾಲಿಸಿದರೂ ಲಸಿಕೆ ಮುಗಿಯದ ಮರಿ ಇರುವ ಮನೆಗೆ ಪಾರ್ವೊ ವಾರ್ಡಿನಿಂದ ಬರುವುದು ಅಪಾಯವೇ. ಮೊದಲ ಎರಡು ತಿಂಗಳು ನನ್ನನ್ನು ಆ ವಾರ್ಡಿಗೆ ಹಾಕಬೇಡಿ ಅಂತ ಕೇಳಿ. ಪಾರ್ವೊ ನಾಯಿಗಳನ್ನು ಬೇರೆ ಕೋಣೆಯಲ್ಲಿ ಇಡುವ ವ್ಯವಸ್ಥೆಯೇ ಇಲ್ಲದ ಆಸ್ಪತ್ರೆ ಅದಾದರೆ, ಅಲ್ಲಿ ಸೇರಲೇ ಬೇಡಿ.

ಅಕ್ಕನ ವಿಷಯ. ಬೆಕ್ಕಿನಿಂದ ಬಸುರಿಯರಿಗೆ ತೊಂದರೆ ಅಂತ ಕೇಳಿರುತ್ತೀರಿ. ಅದು ಟಾಕ್ಸೊಪ್ಲಾಸ್ಮಾ ಅನ್ನುವ ಜೀವಿ. ಬೆಕ್ಕಿನ ಮಲದಲ್ಲಿ ಹೊರಬಂದ ಮೇಲೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ನಿಮ್ಮ ಬಟ್ಟೆಯ ಮೇಲಿನ ಕೂದಲಿನಿಂದ ಅಕ್ಕನಿಗೆ ಬರುವ ಸಾಧ್ಯತೆ ಬಹಳ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು-ತರಕಾರಿ, ಮಣ್ಣು, ಇವುಗಳಿಂದಲೇ ಜಾಸ್ತಿ ಬರುವುದು. ನೀವೇ ಮುಂದೆ ಬಸುರಿಯಾದಾಗ ಆಸ್ಪತ್ರೆಗೆ ಮೊದಲೇ ತಿಳಿಸಿ ಬೆಕ್ಕಿನ ಮಲದ ಟ್ರೇ, ಎಕ್ಸ್-ರೇ ಕೋಣೆ, ಅರಿವಳಿಕೆ ಅನಿಲ, ಕ್ಯಾನ್ಸರ್ ಔಷಧಿ ಇವುಗಳಿಂದ ದೂರ ಉಳಿಯಿರಿ.

ನಿಮ್ಮ ಮೈಗೆ ನಿಜವಾಗಿ ಅಂಟಬಹುದಾದವು ಎರಡು. ಬೆಕ್ಕಿನ ಮರಿಗಳಿಂದ ಹುಳುಕಡ್ಡಿ. ಕೈ ಮೇಲೆ ಉಂಗುರದ ಹಾಗೆ ಏಳುತ್ತದೆ, ಮುಲಾಮಿಗೆ ಹೋಗುತ್ತದೆ. ಇನ್ನೊಂದು ಇಲಿ ಜ್ವರ. ಅದು ಜೋರಿನದು. ಕಾಮಾಲೆ ಬಂದು ಕಣ್ಣು ಹಳದಿಯಾದ ನಾಯಿಯ ಉಚ್ಚೆಯನ್ನು ಯಾವತ್ತೂ ಬರಿಗೈಯಲ್ಲಿ ಒರೆಸಬೇಡಿ. ಗ್ಲೌಸ್, ಮಾಸ್ಕ್ ಹಾಕದೆ ಆ ಪಂಜರ ತೊಳೆಯಬೇಡಿ. ಮಳೆಗಾಲದಲ್ಲಿ ಇದು ಜಾಸ್ತಿ. ಜ್ವರ, ಮೈಕೈ ನೋವು ಬಂದು ಡಾಕ್ಟರ್ ಹತ್ತಿರ ಹೋದರೆ 'ನಾನು ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ' ಅಂತ ಮೊದಲ ವಾಕ್ಯದಲ್ಲೇ ಹೇಳಿ. ಅವರಾಗಿ ಕೇಳುವುದಿಲ್ಲ.

ಇಂಜೆಕ್ಷನ್ ಮತ್ತು ಕಾನೂನು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಂ ಪ್ರಕಾರ, ನೋಂದಣಿಯಾದ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬಹುದು. ಅಂದರೆ ಐದೂವರೆ ವರ್ಷ ಓದಿ ಪರಿಷತ್ತಿನಲ್ಲಿ ಹೆಸರು ಬರೆಸಿದವರು. ನಿಮ್ಮಂಥ ಡಿಪ್ಲೊಮಾದವರಿಗೆ ಅದೇ ಕಲಮಿನಲ್ಲಿ ಒಂದು ಜಾಗ ಇದೆ. ರಾಜ್ಯ ಸರ್ಕಾರದ ಅನುಮತಿ ಇದ್ದರೆ, ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಸೇವೆಗಳನ್ನು ಮಾಡಬಹುದು. ಲಸಿಕೆ, ಗಾಯಕ್ಕೆ ಪಟ್ಟಿ, ಬೀಜ ಒಡೆಯುವುದು, ಪ್ರಥಮ ಚಿಕಿತ್ಸೆ ಇಂಥವು. ರೋಗ ಇದು ಅಂತ ಹೇಳುವುದು, ಔಷಧಿ ಬರೆಯುವುದು, ಆಪರೇಷನ್ ಮಾಡುವುದು, ದಯಾಮರಣ ಕೊಡುವುದು, ಇವು ಯಾವುದೂ ನಿಮ್ಮ ಕೆಲಸ ಅಲ್ಲ. 'ಡಾಕ್ಟರ್ ಮಲಗಿದ್ದಾರೆ, ನೀನೇ ಕೊಟ್ಟುಬಿಡು' ಅನ್ನುವ ಆಸ್ಪತ್ರೆಗಳು ಇವೆ. ರಾತ್ರಿ ಡಾಕ್ಟರ್ ಆಸ್ಪತ್ರೆಯೊಳಗೇ ಇರುತ್ತಾರಾ, ಫೋನಿನಲ್ಲಿ ಮಾತ್ರ ಸಿಗುತ್ತಾರಾ ಅಂತ ಸೇರುವ ಮುಂಚೆ ಕೇಳಿ. ಫೋನಿನಲ್ಲಿ ಮಾತ್ರ ಅಂದರೆ ಅಲ್ಲಿ ಆಗುವ ತಪ್ಪಿಗೆ ಕೊನೆಗೆ ಸಿಕ್ಕಿಕೊಳ್ಳುವವರು ನೀವು.

ಡಾಕ್ಟರ್ ಪಕ್ಕದಲ್ಲೇ ನಿಂತು ಹೇಳಿದ ಔಷಧಿಯನ್ನು ಸಿರಿಂಜಿಗೆ ಎಳೆದು ಕೊಡುವುದು ದಿನದ ಕೆಲಸ. ಇಲ್ಲಿ ನಿಮ್ಮ ಹಸುವಿನ ಅಭ್ಯಾಸ ಅಪಾಯ ತರಬಹುದು. ಅಲ್ಲಿ 10, 20 ಎಂಎಲ್ ಸಿರಿಂಜ್ ಹಿಡಿದ ಕೈ ನಿಮ್ಮದು. ಇಲ್ಲಿ ಮೂರು ಕಿಲೋ ಬೆಕ್ಕಿಗೆ 0.1 ಎಂಎಲ್ ಕೂಡ ದೊಡ್ಡ ಅಳತೆ. ಒಂದು ಚುಕ್ಕಿ ಆಚೀಚೆ ಆದರೆ ಹತ್ತು ಪಟ್ಟು ವ್ಯತ್ಯಾಸ. ಹಸುವಿನ ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಕೋಲಿ ತಳಿಯ ನಾಯಿಗಳಿಗೆ ವಿಷ ಆಗಬಹುದು. ನಮಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಹಾಗಾಗಿ ಔಷಧಿಯ ಹೆಸರು, ಅಳತೆ ಎರಡನ್ನೂ ಗಟ್ಟಿಯಾಗಿ ತಿರುಗಿ ಹೇಳಿ. ಬಾಟಲಿಯನ್ನು ಡಾಕ್ಟರ್ ಕಣ್ಣಿಗೆ ತೋರಿಸಿ. ಆಮೇಲೆ ಕೊಡಿ. ಇದನ್ನು ನೋಡಿ ಯಾರಾದರೂ ನಕ್ಕರೆ ನಗಲಿ.

ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ನಾನು ನೋಡಿದ ಸೂಜಿ ಗಾಯಗಳಲ್ಲಿ ಹೆಚ್ಚಿನವು ಆ ಮುಚ್ಚಳದ್ದೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪ್ರಾಣಿ ಆಸ್ಪತ್ರೆಗಳಿಗೂ ಅನ್ವಯ ಆಗುತ್ತದೆ. ಸೂಜಿಗೆ ಬಿಳಿ ಡಬ್ಬ ಇರಲೇಬೇಕು. ಎಕ್ಸ್-ರೇ ಕೋಣೆಯಲ್ಲಿ ಸೀಸದ ಏಪ್ರನ್ ಇಲ್ಲದೆ ನಾಯಿ ಹಿಡಿ ಅಂದರೆ ಆಗುವುದಿಲ್ಲ ಅನ್ನಿ.

ಈಗ 'ಮಲಗಿಸುವ', ಅಂದರೆ ದಯಾಮರಣದ ವಿಷಯ. ಅಲ್ಲಿ ಆಗುವುದು ಇಷ್ಟು. ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ನರಕ್ಕೆ ಕೊಡುತ್ತೇವೆ. ಪ್ರಾಣಿಗೆ ಕೆಲವು ಕ್ಷಣದಲ್ಲೇ ನಿದ್ದೆ ಬರುತ್ತದೆ. ಆಮೇಲೆ ಉಸಿರು, ಆಮೇಲೆ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ಕೆಲವು ಸಲ ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗುತ್ತದೆ, ಮೂತ್ರ ಹೋಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ 'ಇನ್ನೂ ಜೀವ ಇತ್ತು, ಕೊಂದುಬಿಟ್ಟರು' ಅನ್ನುವ ನೋವು ಅವರಿಗೆ ಜೀವನ ಪೂರ್ತಿ ಉಳಿಯುತ್ತದೆ. ನಿಮ್ಮ ಕೈ ಅಲ್ಲೂ ಬೇಕು. ನರ ಹಿಡಿಯಬೇಕು, ಆದರೆ ನಾಯಿಯ ಮುಖದ ಹತ್ತಿರ ಮನೆಯವರೇ ಇರುವ ಹಾಗೆ ನೀವು ಪಕ್ಕಕ್ಕೆ ನಿಲ್ಲಬೇಕು. ಹದಿನೇಳು ವರ್ಷ ಆದರೂ ನನಗೆ ಅಭ್ಯಾಸ ಆಗಿಲ್ಲ. ಎಷ್ಟೋ ಸಲ ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದೇನೆ. ಅತ್ತರೆ ನೀವು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಅರ್ಥ ಅಲ್ಲ.

ಆದರೆ ಇದರಿಂದಲೇ ಕೆಲಸ ಬಿಟ್ಟವರನ್ನು ನಾನು ನೋಡಿದ್ದು ಕಡಿಮೆ. ನಿಮ್ಮ ಪತ್ರದಲ್ಲಿ ಬಾರದ ವಿಷಯ ಅಂದೆನಲ್ಲ, ಅದು ಇದು. ಜನ ಬಿಡುವುದು ಎರಡು ಕಾರಣಕ್ಕೆ.

ಒಂದು, ದುಡ್ಡು. ನಿಮ್ಮ ದುಡ್ಡಲ್ಲ, ಪ್ರಾಣಿಯ ಮನೆಯವರದು. ಪಾರ್ವೊ ಬಂದ ಮರಿ ಐದಾರು ದಿನ ಡ್ರಿಪ್‌ನಲ್ಲಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆದರೆ ಮನೆಯವರು ಮೊದಲ ದಿನದ ಬಿಲ್ ನೋಡಿ ಮರಿಯನ್ನು ಎತ್ತಿಕೊಂಡು ಹೊರಡುತ್ತಾರೆ. ಕೆಟ್ಟವರಲ್ಲ. ಆಟೋ ಓಡಿಸುವವರು, ಮನೆಕೆಲಸ ಮಾಡುವವರು. ಮಗಳ ಹಟಕ್ಕೆ ಮರಿ ತಂದಿರುತ್ತಾರೆ. ಉಳಿಯುತ್ತಿದ್ದ ಜೀವ ಬಾಗಿಲು ದಾಟಿ ಹೋಗುವುದನ್ನು ವಾರಕ್ಕೆ ಎರಡು ಸಲ ನೋಡುವುದಿದೆಯಲ್ಲ, ಅದು ಮನಸ್ಸನ್ನು ಸವೆಸುತ್ತದೆ. ಇನ್ನು ಕೆಲವರು ಕೂಗಾಡುತ್ತಾರೆ. ಡಾಕ್ಟರ್ ಮುಂದೆ ತಗ್ಗಿ ಮಾತಾಡುವವರು ಅಸಿಸ್ಟೆಂಟ್ ಮೇಲೆ ರೇಗುತ್ತಾರೆ. ಹೃದಯ ನಿಂತ ನಾಯಿಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಎಲ್ಲ ಸರಿಯಾಗಿ ಮಾಡಿದರೂ ಹತ್ತರಲ್ಲಿ ಒಂದು ಮನೆಗೆ ಹೋಗುವುದೂ ಕಷ್ಟ. ಅದು ಮೊದಲೇ ಗೊತ್ತಿಲ್ಲದವರು ಪ್ರತಿ ಸಾವನ್ನೂ ತಮ್ಮ ತಪ್ಪು ಅಂದುಕೊಳ್ಳುತ್ತಾರೆ. ನಿಮಗೆ ಈಗ ಗೊತ್ತು.

ಎರಡು, ನಿದ್ದೆ. 12 ಗಂಟೆಯ ರಾತ್ರಿ ಪಾಳಿಯನ್ನು ದೇಹ ಸುಲಭವಾಗಿ ಒಪ್ಪುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಬೆಳಗಿನವರು ಬಂದಿಲ್ಲ ಅಂತ ರಾತ್ರಿಯವರನ್ನೇ ಮುಂದುವರಿಸುತ್ತಿದ್ದರು. ಅಲ್ಲಿದ್ದ ಒಬ್ಬ ಹುಡುಗ ಹೀಗೆ 18 ಗಂಟೆ ನಿಂತು, ಮನೆಗೆ ಹೋಗುವಾಗ ಬೈಕಿನಲ್ಲೇ ತೂಕಡಿಸಿ ಬಿದ್ದ. ಕಾಲು ಮುರಿಯಿತು. ಅವನು ಒಳ್ಳೆಯ ಕೆಲಸಗಾರ, ಮತ್ತೆ ಈ ಕಡೆ ಬರಲೇ ಇಲ್ಲ. ಅವನನ್ನು ಆ ದಿನ ಮನೆಗೆ ಕಳಿಸಿ ಅಂತ ನಾನು ಜೋರಾಗಿ ಹೇಳಬೇಕಿತ್ತು. ಹೇಳಲಿಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ವಾರಕ್ಕೆ ಎಷ್ಟು ರಾತ್ರಿ, ರಜೆ ಯಾವತ್ತು, ಬದಲಿ ಬರದಿದ್ದರೆ ಏನು ಮಾಡುತ್ತಾರೆ ಅಂತ ಕೇಳಿ. ಹೋಗಿ ಬರಲು ಆಸ್ಪತ್ರೆಯ ಗಾಡಿ ಇದೆಯಾ, ರಾತ್ರಿ ಗೇಟಿನಲ್ಲಿ ಯಾರಿರುತ್ತಾರೆ, ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆಯಾ ಅಂತಲೂ ಕೇಳಿ. ರೇಬಿಸ್ ಲಸಿಕೆಯ ಖರ್ಚು ಯಾರದು, ಕಚ್ಚಿದರೆ ಚಿಕಿತ್ಸೆ ಯಾರದು, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ? ಕೇಳಲು ಸಂಕೋಚ ಬೇಡ. ಒಳ್ಳೆಯ ಆಸ್ಪತ್ರೆಗೆ ಈ ಪ್ರಶ್ನೆಗಳು ಇಷ್ಟವಾಗುತ್ತವೆ.

ಬೇರೆ ದಾರಿಗಳೂ ಇವೆ. ಅದೇ ಆಸ್ಪತ್ರೆಯಲ್ಲಿ ಮೊದಲ ಮೂರು ತಿಂಗಳು ಹಗಲು ಪಾಳಿ ಕೇಳಬಹುದು. ನನ್ನ ಓಟು ಇದಕ್ಕೇ. ಹಗಲಲ್ಲಿ ಜನ ಜಾಸ್ತಿ ಇರುತ್ತಾರೆ, ಕಲಿಸುವವರು ಇರುತ್ತಾರೆ, ಲಸಿಕೆಗೆ ಬಂದ ಆರೋಗ್ಯವಂತ ನಾಯಿಗಳ ಮೇಲೆ ಹಿಡಿಯುವುದನ್ನು ಕಲಿಯಬಹುದು. ಸಂಬಳ ಸ್ವಲ್ಪ ಕಡಿಮೆ ಇರಬಹುದು. ನಗರವೇ ಬೇಡ ಅನ್ನಿಸಿದರೆ ನಿಮ್ಮ ಡಿಪ್ಲೊಮಾಕ್ಕೆ ಪಶುಪಾಲನಾ ಇಲಾಖೆ, ಹಾಲಿನ ಒಕ್ಕೂಟಗಳು, 1962ಕ್ಕೆ ಫೋನ್ ಮಾಡಿದರೆ ರೈತರ ಮನೆಗೇ ಬರುವ ಪಶು ಆಂಬುಲೆನ್ಸ್ ಇವೆ. ಇಲಾಖೆಯ ಹುದ್ದೆಗೆ ಅರ್ಜಿ ಕರೆದಾಗ ಹಾಕಿ. ಆದರೆ ಅದಕ್ಕಾಗಿ ಮನೆಯಲ್ಲಿ ವರ್ಷಗಟ್ಟಲೆ ಕಾಯಬೇಡಿ, ಕೈ ಮರೆತುಹೋಗುತ್ತದೆ.

ಸೇರಿದ ಮೇಲೆ ನಿಮ್ಮ ಹಳ್ಳಿಯ ಕಣ್ಣು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ಹಸುವಿನ ಹೊಟ್ಟೆಯುಬ್ಬರ ನೋಡಿದ್ದೀರಿ, ತಮಟೆಯಂತೆ ಸದ್ದು ಬರುವುದು ಗೊತ್ತು. ದೊಡ್ಡ ಜಾತಿಯ ನಾಯಿಯಲ್ಲಿ ಹೊಟ್ಟೆ ಹಾಗೆ ಬಿಗಿದು, ವಾಂತಿಗೆ ಒಕ್ಕರಿಸಿದರೂ ಏನೂ ಬರದೆ ಇದ್ದರೆ ಜಠರವೇ ತಿರುಚಿಕೊಂಡಿರಬಹುದು. ಅದನ್ನು ಸರದಿಯಲ್ಲಿ ಕೂರಿಸಬಾರದು, ನೇರ ಒಳಗೆ ತರಬೇಕು. ಬಾಗಿಲಲ್ಲಿ ಅದನ್ನು ಮೊದಲು ಗುರುತಿಸುವವರು ಅಸಿಸ್ಟೆಂಟ್.

ಎರಡು ವರ್ಷದ ಹಿಂದಿನ ಮಳೆಗಾಲದ ಒಂದು ರಾತ್ರಿ. ತೋಟದಲ್ಲಿ ಏನೋ ಕಚ್ಚಿದೆ ಅಂತ ಒಂದು ಡ್ಯಾಶ್‌ಹೌಂಡ್ ಬಂತು. ಊತ ಸ್ವಲ್ಪವೇ ಇತ್ತು, ನಡೆಯುತ್ತಿತ್ತು, ಒಸಡು ಗುಲಾಬಿ. ಜೇನು ಇರಬಹುದು ಅಂದುಕೊಂಡು ನಾನು ಇನ್ನೊಂದು ನಾಯಿಯ ಆಪರೇಷನ್‌ಗೆ ಹೋದೆ. ಅರ್ಧ ಗಂಟೆಯಲ್ಲಿ ನಮ್ಮ ಅಸಿಸ್ಟೆಂಟ್ ಬಾಗಿಲಿಗೆ ಬಂದಳು. 'ಮೇಡಂ, ಇದರ ಕಣ್ಣುರೆಪ್ಪೆ ಜೋಲುತ್ತಿದೆ. ಕೂಗೂ ಬದಲಾಗಿದೆ.' ನಾಗರಹಾವಿನ ವಿಷ ನರಮಂಡಲಕ್ಕೆ ಏರುವಾಗ ಹೀಗೇ ಆಗುವುದು. ಕೂಡಲೇ ಆಂಟಿವೆನಮ್ ಶುರು ಮಾಡಿದೆವು. ಮುಂದಿನ ಐದು ಗಂಟೆ ಅವಳು ಅದರ ಪಕ್ಕವೇ ಕೂತು ಉಸಿರು ಎಣಿಸಿದಳು. ಮೂರನೇ ದಿನ ಅದು ಮನೆಗೆ ಹೋಯಿತು. ಆ ಹುಡುಗಿಯೂ ನಿಮ್ಮ ಹಾಗೇ ಡಿಪ್ಲೊಮಾ ಮಾಡಿ ಬಂದವಳು. ಅಪ್ಪನಿಗೆ ಈ ಕಥೆ ಹೇಳಿ. ಸಾಧ್ಯ ಆದರೆ ಸೇರುವ ಮುಂಚೆ ಒಂದು ರಾತ್ರಿ ಅವರನ್ನೂ ಕರೆದುಕೊಂಡು ಹೋಗಿ, ಆಸ್ಪತ್ರೆಯವರ ಒಪ್ಪಿಗೆ ಪಡೆದು ಎರಡು ಗಂಟೆ ಕೂತು ನೋಡಿ ಬನ್ನಿ. ದನಕರು ಸಾಕಿದ ಮನುಷ್ಯರಿಗೆ ನೋಡಿದರೆ ಅರ್ಥ ಆಗುತ್ತದೆ.

ಕೊನೆಗೆ, ಈ ವಾರವೇ ಮಾಡಬೇಕಾದದ್ದು. ಆಸ್ಪತ್ರೆಗೆ ಫೋನ್ ಮಾಡಿ ಸೇರುವ ದಿನಾಂಕ ಒಂದು ತಿಂಗಳು ಮುಂದಕ್ಕೆ ಕೇಳಿ. ನಿಮ್ಮ ರೇಬಿಸ್ ಲಸಿಕೆಯ ಮೊದಲ ಡೋಸ್ ಹಾಕಿಸಿ. ಅಕ್ಕನ ಮನೆಯ ಮರಿಯ ಲಸಿಕೆ ಪುಸ್ತಕ ತೆಗೆಸಿ ನೋಡಿ. ಎರಡೂವರೆ ತಿಂಗಳಿಗೆ ಅದಕ್ಕೆ ಕನಿಷ್ಠ ಒಂದು ಡೋಸ್ ಆಗಿರಬೇಕು. ಆಮೇಲೆ ಮೂರರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ಒಂದೇ ಡೋಸ್‌ಗೆ ಮುಗಿಯಿತು ಅಂದುಕೊಂಡವರ ಮನೆಗಳಿಂದಲೇ ನಮ್ಮ ಪಾರ್ವೊ ವಾರ್ಡಿಗೆ ಮರಿಗಳು ಬರುವುದು. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವವರೆಗೆ, ನೀವು ಸ್ನಾನ ಮುಗಿಸದೆ ಅದನ್ನು ಎತ್ತಿಕೊಳ್ಳಬೇಡಿ.